ಮೇಣದೊಳಗಿನ ತೋಟಿ

ತೋಟಿ ಸಣ್ಣಪ್ಪ ಸತ್ತ ಹನ್ನೆರಡನೇ ದಿನ, ಬಿಳಿಗಲ್ಲು ಊರಿನ ಪಟೇಲ ತಿಪ್ಪೇರುದ್ರಪ್ಪನವರು ಅವನ ಮನೆತನದ ಕೂಗಿನ ಹೊಲವನ್ನು ತಮ್ಮ ಹೊಲಕ್ಕೆ ಸೇರಿಸಿಕೊಂಡರು. ಊರಿಗೆ ಕೂಗು ಹಾಕುವವನಿಗೆ ಆ ಹೊಲ. ಸಣ್ಣಪ್ಪನ ಕೂಗು ಈಗ ತಮ್ಮ ಪಡಸಾಲೆಯ ಪೆಟ್ಟಿಗೆಯಲ್ಲಿದೆ, ಆದ್ದರಿಂದ ಹೊಲ ಪೆಟ್ಟಿಗೆ ಇರುವ ಮನೆಗೆ ಸೇರಬೇಕು ಎಂದರು. ಸಣ್ಣಪ್ಪನ ಹೆಂಡತಿ ಹೊನ್ನಕ್ಕ ಬಿತ್ತಿದ್ದ ಸಜ್ಜೆ ಮೊಣಕಾಲುದ್ದ ಬಂದಿತ್ತು. ಅದರ ಮೇಲೆಯೇ ನೇಗಿಲು ಹೊಡೆಸಿದರು.

ಈ ಸುದ್ದಿಯನ್ನು ಮೂರು ವಾರ ತಡವಾಗಿ ಹೊಸದುರ್ಗದ ಪೇಟೆಗೆ ತಂದವನು ಪಟೇಲರ ಮನೆಯ ಆಳು ಮುದ್ದಪ್ಪ. ಗಾಡಿಯನ್ನು ತಾಲ್ಲೂಕು ಕಚೇರಿಯ ಹತ್ತಿರದ ಬೇವಿನ ನೆರಳಿಗೆ ಬಿಟ್ಟು, ಚಿತ್ತಪ್ಪನ ಗಡಿಯಾರದ ಅಂಗಡಿಯ ಹೊಸಿಲ ಮೇಲೆ ಕುಂತು, ಪುರಿ ಮೆಲ್ಲುತ್ತಾ ಹೇಳಿದ.

"ಸಜ್ಜೆ ಮೇಲೇ ನೇಗ್ಲು ಹೊಡೆಸಿದ್ರೇನೋ?" ಚಿತ್ತಪ್ಪ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಗಾಜು ತೆಗೆದ.

"ಹೂಂ ಮತ್ತೆ. ನೇಗ್ಲು ಹಿಡಿದೋನು ನಾನೇ. ನನ್ನ ಮುಖ ಏನ್ ನೋಡ್ತೀಯ? ನೀನು ತುತ್ತೂರಿ ಹಿಡಿದೆ, ನಾನು ನೇಗ್ಲು ಹಿಡಿದೆ. ಇಬ್ಬರ ಮುದ್ದೇನೂ ಒಂದೇ ಮನೇದು."

"ಈಗ ಯಾಕ್ ಬಂದೆ ಹೇಳು."

"ಪೆಟ್ಟಿಗೆಗೆ ಗಂಟ್ಲು ಸಾಲ್ದಂತೆ." ಮುದ್ದಪ್ಪ ಅಂಗೈ ಕೊಡವಿಕೊಂಡ. "ಚಾವಡಿಯಾಗೆ ಅದು ಕೂಗಿದ್ರೆ ಕೇರಿಗೆ ಕೇಳ್ಸಲ್ಲ. ಕೇರಿಯೋರು ಬರ್ಲಿಲ್ಲ. ಕೂಗು ಹಾಕ್ಸೀನಿ, ಕೇಳ್ಸದೆ ಇದ್ರೆ ನಿಮ್ಮ ಕಿವಿ ತಪ್ಪು ಅಂತ ಗೌಡ್ರು ನಾಕು ಜನಕ್ಕೆ ಹುಣಸೆ ಬರ್ಲು ರುಚಿ ತೋರ್ಸಿದ್ರು. ಆ ಹೊನ್ನಕ್ಕ ಇಲ್ಲೀಗಂಟ ನಡ್ಕಂಡು ಬಂದು ಅರ್ಜಿ ಕೊಟ್ಟವ್ಳೆ. ಸೋಮವಾರ ಅಮಲ್ದಾರ್ ಸಾಹೇಬ್ರೇ ಬರ್ತಾರಂತೆ. ಪೆಟ್ಟಿಗೆ ಕೂಗಿದ್ದು ಕೇರಿಯ ಕಡೇ ಮನೆಗೆ ಕೇಳ್ಸಿದ್ರೆ ಹೊಲ ಗೌಡ್ರಿಗೆ, ಇಲ್ದಿದ್ರೆ ಹೊನ್ನಕ್ಕಗೆ. ಜೋರು ಮಾಡಾಕೆ ನೀನು ಬೇಕು. ಏಳು, ಹೋಗಾಣ."

ಚಿತ್ತಪ್ಪ ಏಳಲಿಲ್ಲ. ಅಂಗಡಿಯಲ್ಲಿ ಒಂಬತ್ತು ಗಡಿಯಾರ ನಡೆಯುತ್ತಿದ್ದವು. ಈಚೆಗೆ ಅವುಗಳ ಟಿಕ್ಕುಟಿಕ್ಕಿನ ನಡುವೆ ಅವನಿಗೆ ಇನ್ನೊಂದು ಸದ್ದು ಕೇಳುತ್ತಿತ್ತು. ಕೆಮ್ಮು. ಹಾಡುಹಗಲಲ್ಲಿ, ಎದುರಿಗೆ ಗಿರಾಕಿ ನಿಂತಿರುವಾಗಲೇ. ಮೊದಮೊದಲು ಯಾವುದೋ ಗಡಿಯಾರದ ಹಲ್ಲು ಸವೆದಿರಬೇಕು ಅಂದುಕೊಂಡು ಒಂದೊಂದರ ಬೆನ್ನೂ ಬಿಚ್ಚಿ ನೋಡಿದ್ದ. ಎಲ್ಲವೂ ಸರಿಯಾಗಿದ್ದವು. ಈಗ ಬಿಚ್ಚುವುದನ್ನು ಬಿಟ್ಟಿದ್ದ. ಆ ಕೆಮ್ಮು ಯಾರದು ಅಂತ ಅವನಿಗೆ ಗೊತ್ತಿತ್ತು.

"ಏಳಪ್ಪ," ಎಂದ ಮುದ್ದಪ್ಪ. "ಅಂಗಡಿ ಗೋಡೆ ಯಾರದು ಅಂತ ನಾನು ಹೇಳ್ಬೇಕಾ?"

ಗೋಡೆ ಪಟೇಲರದು. ಚಿತ್ತಪ್ಪ ಎದ್ದ.

ಗಾಡಿಯ ಕುಲುಕಾಟದಲ್ಲಿ ಅವನಿಗೆ ಬೇಡವೆಂದರೂ ಆ ದಿನ ನೆನಪಾಯಿತು.

ಪಟೇಲರು ಬೆಂಗಳೂರಿನ ದಂಡಿನ ಅಂಗಡಿಯೊಂದರಿಂದ ಆ ಮಾತಿನ ಪೆಟ್ಟಿಗೆಯನ್ನು ತಂದಾಗ ಚಿತ್ತಪ್ಪನೂ ಜೊತೆಗಿದ್ದ. ಗಡಿಯಾರ ಬಲ್ಲವನಿಗೆ ಅದರ ಒಳಗು ಸುಲಭ. ಕೀಲಿ ಕೊಟ್ಟರೆ ಸುತ್ತುವ ಒಂದು ಮೇಣದ ಕೊಳವೆ. ಅದರ ಮೇಲೆ ಕೂರುವ ಒಂದು ಮುಳ್ಳು. ಮುಳ್ಳಿನ ಬೆನ್ನಿಗೆ ರೂಪಾಯಿಯಗಲದ ಕಾಗೆಬಂಗಾರದ ತೆಳು ಬಿಲ್ಲೆ. ಅದಕ್ಕೆ ಅಂಟಿದ ತುತ್ತೂರಿ. ತುತ್ತೂರಿಯೊಳಗೆ ಮಾತಾಡಿದರೆ ಬಿಲ್ಲೆ ನಡುಗುತ್ತದೆ, ಮುಳ್ಳು ಮೇಣದ ಮೇಲೆ ಗೀರುತ್ತದೆ. ಅದೇ ಗೀರಿನ ಮೇಲೆ ಇನ್ನೊಂದು ಮುಳ್ಳು ಓಡಿಸಿದರೆ ಬಿಲ್ಲೆ ಹಾಗೆಯೇ ಮತ್ತೆ ನಡುಗಿ, ಆಡಿದವನ ದನಿ ಹೊರಗೆ ಬರುತ್ತದೆ. ಮಾತು ಸರಿ ಬರದಿದ್ದರೆ ಮೇಣವನ್ನು ಹೆರೆದು ನುಣುಪು ಮಾಡಿ ಮತ್ತೆ ಗೀರಬಹುದು. ಅಂಗಡಿಯವನು ಚಿತ್ತಪ್ಪನಿಗೆ ಒಂದು ಮಾತು ಒತ್ತಿ ಹೇಳಿದ್ದ: ಬಾಯಿ ತುತ್ತೂರಿಗೆ ಒಂದು ಗೇಣು ದೂರ ಇರಲಿ, ದನಿ ಸಾಧಾರಣ ಇರಲಿ.

ಪಟೇಲರ ಜಗಲಿಗೂ ತೋಟಿ ನಿಲ್ಲುವ ಕಲ್ಲಿಗೂ ನಡುವೆ ಹನ್ನೆರಡು ಹೆಜ್ಜೆ. ಸಣ್ಣಪ್ಪನ ಅಪ್ಪನೂ ಅಜ್ಜನೂ ಆ ಕಲ್ಲಿನ ಈಚೆಗೆ ಬಂದವರಲ್ಲ. ಪೆಟ್ಟಿಗೆಯನ್ನು ಜಗಲಿಯ ಮೇಲೆ ಇಟ್ಟರು. ಸಣ್ಣಪ್ಪನನ್ನು ಕಲ್ಲಿನ ಹತ್ತಿರ ನಿಲ್ಲಿಸಿದರು.

"ಕೂಗಲೇ," ಎಂದರು ಪಟೇಲರು.

"ಕೇಳ್ರಪ್ಪೋ ಕೇಳ್ರೀ! ಪಟೇಲ್ರ ಅಪ್ಪಣೆ ಆಗೈತೆ! ಮನೆಗೊಂದಾಳು ಚಾವಡಿಗೆ ಬರ್ರಪ್ಪೋ!"

ಚಿತ್ತಪ್ಪ ಮುಳ್ಳು ಬದಲಿಸಿ ಕೊಳವೆ ತಿರುಗಿಸಿದ. ತುತ್ತೂರಿಯಿಂದ ಸೊಳ್ಳೆಯ ಗುಂಯ್‌ ಬಂತು, ಅಷ್ಟೆ.

"ಇನ್ನೂ ಜೋರಾಗಿ ಕೂಗಲೇ."

"ಬುದ್ದೀ, ನನ್ನ ಕೂಗು ಜೋಗಿಮಟ್ಟಿ ಗುಡ್ಡಕ್ಕೆ ಮುಟ್ತೈತೆ," ಎಂದು ನಕ್ಕ ಸಣ್ಣಪ್ಪ. "ಈ ತುತ್ತೂರಿಗೇನು ಕಿವುಡೇ?"

ಬೆಳಿಗ್ಗೆ ಎಲ್ಲರೂ ನಕ್ಕರು. ಚಿತ್ತಪ್ಪನೂ ನಕ್ಕ. ಮೇಣ ಹೆರೆದ, ಮತ್ತೆ ಕೂಗಿಸಿದ. ಮತ್ತೆ ಹೆರೆದ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಸಣ್ಣಪ್ಪ ನಗುವುದನ್ನು ಬಿಟ್ಟಿದ್ದ. ಹದಿನಾಲ್ಕು ಸಲ. ಹೆರೆದ ಮೇಣ ಸುರುಳಿ ಸುರುಳಿಯಾಗಿ ಜಗಲಿಯ ಮೇಲೆ ಬಿದ್ದಿತ್ತು, ಬೆಳಗಿನಿಂದ ಕೂಗಿದ ಅಷ್ಟೂ ಕೂಗು. ಹನ್ನೊಂದನೇ ಸಲಕ್ಕೆ ಸಣ್ಣಪ್ಪ ಮುಖ ಪಕ್ಕಕ್ಕೆ ತಿರುಗಿಸಿ ಉಗಿದದ್ದು ಕೆಂಪಗಿತ್ತು. ಎಲೆಅಡಿಕೆ ಇರಬೇಕು ಎಂದರು ಪಟೇಲರು. ಅವನು ಬೆಳಗಿನಿಂದ ಬಾಯಿಗೆ ಏನನ್ನೂ ಹಾಕಿರಲಿಲ್ಲ.

ಬೆಳಿಗ್ಗೆಯೇ ಹೇಳಬಹುದಿತ್ತು. ಗೌಡ್ರೇ, ಅವನನ್ನ ಹತ್ರ ಕರೀರಿ, ಒಂದು ಗೇಣಿಗೆ ನಿಂತು ಮಾತಾಡಿದಂಗೆ ಮಾತಾಡಿದ್ರೆ ಮೊದಲ್ನೇ ಸಲಕ್ಕೇ ಹಿಡೀತೈತೆ. ಅಷ್ಟು ಮಾತು. ಚಿತ್ತಪ್ಪನ ಬಾಯಲ್ಲಿ ಅದು ಬಂದಿತ್ತು, ಹದಿನಾಲ್ಕು ಸಲವೂ ಬಂದಿತ್ತು. ಆ ಮಾತು ಆಡಿದರೆ ಕಲ್ಲಿನಿಂದ ಜಗಲಿಗೆ ಹನ್ನೆರಡು ಹೆಜ್ಜೆ ಒಬ್ಬ ತೋಟಿ ನಡೆದು ಬರಬೇಕಾಗುತ್ತಿತ್ತು. ಅಲ್ಲಿದ್ದ ಯಾರ ತಲೆಗೂ ಹೊಳೆಯಲಾರದ ಸಂಗತಿ ಅದು. ಹೊಳೆದಿದ್ದವನು ಬಾಯಿ ಮುಚ್ಚಿಕೊಂಡು ಮೇಣ ಹೆರೆದ.

ಇಳಿಹೊತ್ತಿಗೆ ಪಟೇಲರು ಪೂಜೆಗೆ ಒಳಗೆ ಹೋದರು. ಆಗ ಚಿತ್ತಪ್ಪ ಪೆಟ್ಟಿಗೆ ಎತ್ತಿಕೊಂಡು ಅಂಗಳಕ್ಕೆ ಇಳಿದು, ತುತ್ತೂರಿಯನ್ನು ಸಣ್ಣಪ್ಪನ ಬಾಯಿಗೆ ಹಿಡಿದ. ಮೆಲ್ಲಗೆ ಹೇಳು ಎಂದ. ಹೇಳದಿದ್ದರೂ ಅವನಲ್ಲಿ ಉಳಿದಿದ್ದದ್ದು ಮೆಲ್ಲಗಿನ ದನಿ ಮಾತ್ರ. ಮೇಣ ಅದನ್ನು ತಕ್ಷಣ ಹಿಡಿಯಿತು. ಅಷ್ಟು ಚೆನ್ನಾಗಿ ಹಿಡಿಯಿತು ಅಂದರೆ, ಪಟೇಲರು ಬಂದು ಕೇಳಿ ತೊಡೆ ತಟ್ಟಿಕೊಂಡರು. ಆಮೇಲೆ ತುತ್ತೂರಿಯನ್ನು ಮುದ್ದಪ್ಪನ ಕೈಲಿ ಹುಣಸೆಹಣ್ಣು ಹಾಕಿ ಉಜ್ಜಿಸಿ ತೊಳೆಸಿದರು.

ಸಣ್ಣಪ್ಪನಿಗೆ ಮತ್ತೆ ದನಿ ಬರಲಿಲ್ಲ. ಜ್ವರ ಬಂತು, ಕೆಮ್ಮು ಬಂತು, ಕೆಮ್ಮಿನ ಜೊತೆ ರಕ್ತ ಬಂತು. ಒಂಬತ್ತನೇ ದಿನ ಸತ್ತ. ಸತ್ತ ಮೂರನೇ ದಿನಕ್ಕೆ ಅವನ ಕೂಗು ಚಾವಡಿಯಲ್ಲಿ ಕೇಳಿತು. ಮೊದಲ ಕೆಲವು ದಿನ ಪೆಟ್ಟಿಗೆ ಹಾಕಿದವನು ಚಿತ್ತಪ್ಪನೇ; ಆಮೇಲೆ ಮುದ್ದಪ್ಪನಿಗೆ ಕಲಿಸಿಕೊಟ್ಟು ಪೇಟೆಗೆ ಮರಳಿದ್ದ. ಮೇಲಿನ ಬೀದಿಯವರು ಮೊದಲು ನಗುತ್ತಾ ಬಂದರು, ಆಮೇಲೆ ಸುಮ್ಮನೆ ಬರತೊಡಗಿದರು. ಬಂದವರು ಪೆಟ್ಟಿಗೆಯ ಕಡೆ ನೋಡದೆ ನೆಲ ನೋಡುತ್ತಾ ನಿಲ್ಲುತ್ತಿದ್ದರಂತೆ.

ಗಾಡಿ ಬಿಳಿಗಲ್ಲು ಮುಟ್ಟಿದಾಗ ಪಟೇಲ ತಿಪ್ಪೇರುದ್ರಪ್ಪನವರು ಜಗಲಿಯ ಮೇಲೆ ಕಾಯುತ್ತಿದ್ದರು. ಹಣೆ ತುಂಬ ವಿಭೂತಿ ಧರಿಸುವ, ದನಿ ಏರಿಸದ ಮನುಷ್ಯ. ಕೂಗುವುದಕ್ಕೆ ಆಳಿರುವವರಿಗೆ ದನಿ ಏರಿಸುವ ಅಗತ್ಯ ಬೀಳುವುದಿಲ್ಲ.

"ಬಾರಪ್ಪ ಚಿತ್ತಪ್ಪ, ಕುಂತ್ಕೊ. ಮಜ್ಜಿಗೆ ಕುಡಿ. ಇಗೋ ನೋಡು, ದುರ್ಗದ ಕಂಚುಗಾರ್ರ ಹತ್ರ ಮಾಡಿಸ್ದೆ." ಜಗಲಿಯ ಮೇಲೆ ಆಳುದ್ದದ ಹಿತ್ತಾಳೆ ತುತ್ತೂರಿ ಮಲಗಿತ್ತು. ಅದರ ಪಕ್ಕದಲ್ಲಿ ನಿಂಬೆಗಾತ್ರದ ಸೀಸದ ಉಂಡೆ. "ಮುಳ್ಳಿನ ಮೇಲೆ ಭಾರ ಹೇರಿದ್ರೆ ದನಿ ಏಳ್ತೈತೆ ಅಂತ ನೀನೇ ಹಿಂದೆ ಒಂದಿನ ಹೇಳಿದ್ದೆ."

"ಹೇಳಿದ್ದೆ ಗೌಡ್ರೇ. ಹೇರಬಾರ್ದು ಅಂತಾನೂ ಹೇಳಿದ್ದೆ."

"ಅದು ನಂಗೆ ನೆನಪಿಲ್ಲ."

ಚಿತ್ತಪ್ಪ ಮುಳ್ಳಿನ ಭಾಗ ಬಿಚ್ಚಿ ಬಿಲ್ಲೆಯನ್ನು ಬೆಳಕಿಗೆ ಹಿಡಿದ. ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. ಯಾರೋ ಆಗಲೇ ಬೆರಳಲ್ಲಿ ಒತ್ತಿ ಕೂಗಿಸಿದ್ದರು. ಮತ್ತೆ ಜೋಡಿಸಿ ಕೀಲಿ ಅರ್ಧ ಕೊಟ್ಟು ಬಿಟ್ಟ. ಸಣ್ಣಪ್ಪ ಕೂಗಿದ. ಕಡೆಯ ಮಾತಿನಲ್ಲಿ, 'ಬರ್ರಪ್ಪೋ' ಎನ್ನುವಲ್ಲಿ, ಗರ್ ಎಂದಿತು.

"ಕೇಳ್ಸಿತೇನ್ರಿ? ಆ ಗರಗರ ಅನ್ನೋದು ಅವನ ದನಿ ಅಲ್ಲ, ಬಿಲ್ಲೇದು. ನಂಗೆ ಸಾಕು ಅಂತ ಅದು ಹೇಳೋದೇ ಹಂಗೆ. ಆ ಸದ್ದು ಬಂತು ಅಂದ್ರೆ ಕೈ ಹಿಂದಕ್ಕೆ ತಗೀಬೇಕು. ಇದರ ಮೇಲೆ ಎಷ್ಟು ಭಾರ ಇರ್ಬೇಕೋ ಅಷ್ಟನ್ನ ಮಾಡಿದೋರೇ ಇಟ್ಟವ್ರೆ. ಈ ಸೀಸ ಕುಂಡ್ರಿಸಿದ್ರೆ ಜೋರು ಬರ್ತೈತೆ, ಇಲ್ಲ ಅನ್ನಲ್ಲ. ಆದ್ರೆ ಮುಳ್ಳು ಮೇಣಾನ ಉತ್ತು ಹಾಕ್ತೈತೆ, ಬಿಲ್ಲೆ ಸೀಳ್ತೈತೆ. ಆಮೇಲೆ ದನೀನೂ ಇಲ್ಲ, ಪೆಟ್ಟಿಗೇನೂ ಇಲ್ಲ."

"ಎಷ್ಟು ಸಲ ತಡೀತೈತೆ?"

"ಒಂದ್ಸಲ. ಬಾಳ ಅಂದ್ರೆ ಎರಡು."

"ಒಂದ್ಸಲ ಸಾಕಲ್ಲಪ್ಪ!" ಪಟೇಲರ ಮುಖ ಅರಳಿತು. "ಅಮಲ್ದಾರ್ರು ಕಿವೀಲಿ ಕೇಳ್ತಾರೆ, ಕೈಯಾಗೆ ಬರೀತಾರೆ. ಬರೆದ ಮೇಲೆ ಒಡೆದ್ರೆ ಒಡೀಲಿ ಬಿಡು, ಹೆತ್ತ ಮಗುವೇನು ಅದು, ಅಳಾಕೆ?"

ಚಿತ್ತಪ್ಪ ಮಜ್ಜಿಗೆ ಲೋಟ ಕೆಳಗಿಟ್ಟ. "ಬೇರೆ ದಾರಿ ಐತೆ ಗೌಡ್ರೇ. ಪೆಟ್ಟಿಗೇನ ನಾನು ಎತ್ಕಂಡು ಹೋಗಿ, ಬೀದಿಗೊಂದ್ಸಲ ಮೆಲ್ಲಗೆ ಹಾಕ್ತೀನಿ. ಮೇಲಿನ ಬೀದಿ, ಕುಂಬಾರ್ರ ಬೀದಿ, ಕೇರಿ. ಹತ್ರ ಹೋದ್ರೆ ಜೋರು ಯಾಕೆ ಬೇಕು?"

"ಕೇರಿಗೆ ಹೋದ ಪೆಟ್ಟಿಗೆ ಮತ್ತೆ ನನ್ನ ಪಡಸಾಲೆಗೆ ಬರ್ಬೇಕೇನು?"

"ಒಳಗಿರೋ ದನಿ ಕೇರೀದೇ ಅಲ್ವ?"

ಬಾಯಿ ಜಾರಿ ಬಂದ ಮಾತು. ಕಂಬಕ್ಕೆ ಒರಗಿದ್ದ ಮುದ್ದಪ್ಪ ನೆಟ್ಟಗಾದ. ಪಟೇಲರು ಮಾತ್ರ ಕೋಪ ಮಾಡಿಕೊಳ್ಳಲಿಲ್ಲ. ಮಗುವಿಗೆ ತಿಳಿಹೇಳುವಂತೆ ಹೇಳಿದರು.

"ದನಿಗೆ ಮೈ ಇಲ್ಲ ಕಣಪ್ಪ. ಮೈ ಇಲ್ಲ ಅಂತಾನೇ ಒಳಗೆ ಬಿಟ್ಕಂಡಿರೋದು."

ಭಾನುವಾರ ಮಧ್ಯಾಹ್ನ ಪಟೇಲರು ಅಮಲ್ದಾರರ ಬಿಡಾರ ಹಾಕಿಸಲು ಮಾವಿನ ತೋಪಿಗೆ ಹೋದರು. ಬಿಸಿಲಿಗೆ ಊರು ಬಾಗಿಲು ಹಾಕಿಕೊಂಡಿತ್ತು. ಚಿತ್ತಪ್ಪ ಜಗಲಿಯ ಮೇಲೆ ಒಬ್ಬನೇ ಕುಂತು, ಮೆತ್ತನೆಯ ಕುಂಚದಿಂದ ಮೇಣದ ಮೇಲಿನ ಧೂಳು ಹೊಡೆಯುತ್ತಿದ್ದ. ಅಂಗಳದ ಆಚೆ ಬರಲಿನ ಸದ್ದು ಕೇಳಿತು. ಹೊನ್ನಕ್ಕ. ಹೊಲ ಹೋದರೂ ಪಟೇಲರ ಹೊರ ಅಂಗಳ ಗುಡಿಸುವ ಪಾಳಿ ಅವಳಿಂದ ಹೋಗಿರಲಿಲ್ಲ.

ಅವಳು ಕಲ್ಲಿನ ತನಕ ಗುಡಿಸಿಕೊಂಡು ಬಂದು ನೆಟ್ಟಗಾದಳು. ನಲವತ್ತು ದಾಟಿರದ ಹೆಂಗಸು. ತಲೆಗೂದಲು ಒಂದೂವರೆ ತಿಂಗಳಲ್ಲೇ ಬೂದಿಯಾಗಿತ್ತು.

"ಚಿತ್ತಪ್ಪಾರೆ. ಅದನ್ನ ಹಾಕ್ರಿ."

"ನಿಂಗ್ಯಾಕೆ ಬೇಕು ಹೊನ್ನಕ್ಕ."

"ಊರ ಮೇಲಿನೋರೆಲ್ಲ ಕೇಳವ್ರೆ, ನಾನು ಕೇಳಿಲ್ಲ. ಕೂಗು ಮುಗಿದ ಮೇಲೂ ಅದ್ರಾಗೆ ಏನೋ ಐತಂತೆ. ನೀವು ಯಾವಾಗ್ಲೂ ಅಲ್ಲಿಗೇ ಮುಳ್ಳು ಎತ್ತಿಬಿಡ್ತೀರಂತೆ. ಮುದ್ದಪ್ಪ ಹೇಳ್ದ."

ಚಿತ್ತಪ್ಪ ಕುಂಚ ಕೆಳಗಿಟ್ಟ. ಮೇಣದ ಕೊಳವೆ ಎರಡು ನಿಮಿಷ ಓಡುತ್ತದೆ. ಕೂಗು ಅದರಲ್ಲಿ ಕಾಲು ಪಾಲೂ ಇಲ್ಲ. ಮಿಕ್ಕದ್ದು ಏನು ಅಂತ ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಮುಳ್ಳು ಎತ್ತುತ್ತಿದ್ದ.

"ಹತ್ರ ಬಾ. ಅಲ್ಲಿಗೆ ಕೇಳ್ಸಲ್ಲ."

ಅವಳು ಕಲ್ಲನ್ನು ನೋಡಿದಳು, ಅವನನ್ನು ನೋಡಿದಳು. "ನಾನು ಬಂದ್ರೆ ನಾಳೆ ಅದೇ ದೊಡ್ಡದಾಗ್ತೈತೆ. ನೀವೇ ಬರ್ರಿ. ನಿಮ್ಮನ್ನ ಯಾರು ಕೇಳ್ತಾರೆ?"

ಅವನು ಪೆಟ್ಟಿಗೆ ಎತ್ತಿಕೊಂಡು ಇಳಿದ. ಹಿತ್ತಾಳೆಯದ್ದು ಬೇಡವೆಂದು ಹಳೆಯ ಸಣ್ಣ ತುತ್ತೂರಿಯನ್ನೇ ಸಿಕ್ಕಿಸಿ, ಕೀಲಿ ನಾಲ್ಕೇ ಸುತ್ತು ಕೊಟ್ಟು, ಮುಳ್ಳನ್ನು ಮೇಣದ ಮೇಲೆ ಇಳಿಸಿದ.

ಸಣ್ಣಪ್ಪ ಬಂದ. ಕೇಳ್ರಪ್ಪೋ ಕೇಳ್ರೀ ಎಂದ. ಒಣಗಿದ ಎಲೆ ನೆಲದ ಮೇಲೆ ಉರುಳಿದಂತೆ ದನಿ. ಮನೆಗೊಂದಾಳು ಚಾವಡಿಗೆ ಬರ್ರಪ್ಪೋ ಎಂದ. ಗರ್ ಎಂದಿತು. ಚಿತ್ತಪ್ಪನ ಕೈ ಅಭ್ಯಾಸದಿಂದ ಮೇಲೆದ್ದಿತು, ಹೊನ್ನಕ್ಕ ತಲೆ ಅಲ್ಲಾಡಿಸಿದಳು, ಕೈ ಹಿಂದಕ್ಕೆ ಬಂತು.

ಸರಸರ ಮೇಣದ ಸದ್ದು. ಉಸಿರು. ಕೆಮ್ಮು, ಉದ್ದಕ್ಕೆ, ಒಳಗಿನಿಂದ ಏನೋ ಕಿತ್ತು ಬರುವಂಥ ಕೆಮ್ಮು. ಮತ್ತೆ ಉಸಿರು. ಆಮೇಲೆ ಕೂಗಲ್ಲದ, ಪಕ್ಕದಲ್ಲಿ ನಿಂತವನು ಕೇಳುವಂಥ ಮಾತು:

"ಆಯ್ತೇನ್ರಿ ಚಿತ್ತಪ್ಪಾರೆ? ಮನೆಗೆ ಹೋಗ್ಲಾ?"

ಅದಕ್ಕೆ ಇನ್ನೊಂದು ದನಿ, ಸ್ವಲ್ಪ ದೂರದಿಂದ: "ಇರು ಇರು. ಗೌಡ್ರು ಬರ್ಲಿ."

ಆಮೇಲೆ ಮೇಣ ಮುಗಿಯುವ ತನಕ ಬರೀ ಉಸಿರು. ಒಬ್ಬ ಮನುಷ್ಯ ನಿಂತಿದ್ದಾನೆ, ಕಾಯುತ್ತಿದ್ದಾನೆ, ಅಷ್ಟೆ.

ಕೊಳವೆ ನಿಂತಿತು. ಬಿಸಿಲಲ್ಲಿ ಹೊನ್ನಕ್ಕ ಅಳುತ್ತಾಳೆ ಅಂದುಕೊಂಡಿದ್ದ ಚಿತ್ತಪ್ಪ. ಅವಳು ಅಳಲಿಲ್ಲ.

"ಇನ್ನೂ ಅಲ್ಲೇ ನಿಂತವ್ನೆ," ಎಂದಳು.

"ಹೊನ್ನಕ್ಕ, ಆ ದಿನ ನಾನು..."

"ನಿಮ್ಮದು ಆಮೇಲೆ ಹೇಳ್ರಿ. ಮೊದ್ಲು ನಂದು ಕೇಳ್ರಿ. ನಾಳೆ ಇದನ್ನ ಜೋರು ಮಾಡ್ತೀರಂತೆ. ಕೇರೀಲಿ ಕಡೇ ಮನೆ ನಮ್ಮದೇ. ನಮ್ಮತ್ತೆಗೆ ಕಣ್ಣಿಲ್ಲ. ಮಗನ ಹೆಣಾನ ಕೈಯಾಗೆ ತಡವಿ ತಡವಿ ನೋಡಿ, ಇವನೇ ಹೌದು ಅಂತ ಗಟ್ಟಿ ಮಾಡ್ಕಂಡು ಮಣ್ಣು ಹಾಕ್ದೋಳು. ನಾಳೆ ಅವನ ಕೂಗು ಕೇಳಿ ಬಾಗ್ಲಿಗೆ ಬಂದು ನಿಂತ್ಕಂಡ್ರೆ ನಾನು ಆ ಮುದುಕಿಗೆ ಏನ್ ಹೇಳ್ಲಿ? ಪೆಟ್ಟಿಗೆ ಅಂತ ಹೇಳ್ಲಾ? ಸತ್ತ ಮೇಲೂ ಚಾಕರಿ ಬಿಟ್ಟಿಲ್ಲ ಅಂತ ಹೇಳ್ಲಾ?"

ಚಿತ್ತಪ್ಪ ಸುತ್ತ ನೋಡಿ ದನಿ ತಗ್ಗಿಸಿದ. "ಈಗ್ಲೇ ಒಡೆದು ಹಾಕ್ಲಾ? ಕೈ ಜಾರ್ತು ಅಂತೀನಿ. ಕೂಗೂ ಇಲ್ಲ, ಗೌಡ್ರಿಗೆ ಹೊಲಾನೂ ಇಲ್ಲ."

"ಒಡೀರಿ. ಹೊನ್ನಕ್ಕ ಒಡೆಸಿದ್ಲು ಅಂತ ನಾಳೆ ಅಮಲ್ದಾರ್ರ ಮುಂದೆ ನನ್ನ ನಿಲ್ಸಲಿ. ನಿಮ್ಮ ಕೈ ಮಾತ್ರ ತಣ್ಣಗಿರ್ಲಿ." ಅವಳು ಬರಲನ್ನು ನೆಲಕ್ಕೆ ಕುಟ್ಟಿ ಕಡ್ಡಿ ಸಮ ಮಾಡಿಕೊಂಡಳು. "ಹೊಲಕ್ಕೆ ನಾನು ಜಗಳ ಆಡ್ತೀನಿ. ಕೂಗೂ ನಾನೇ ಹಾಕ್ತೀನಿ, ನಂಗೂ ಗಂಟ್ಲೈತೆ, ಗಂಡಸ್ರ ಗಂಟ್ಲೇ ಆಗ್ಬೇಕು ಅಂತ ಯಾವ ಕಾಗದದಾಗೂ ಬರೆದಿಲ್ವಂತೆ, ಅರ್ಜಿ ಬರೆದೋನು ಹೇಳ್ದ. ಆದ್ರೆ ಅವನ ಗಂಟ್ಲಿಗೆ ಇನ್ನೊಂದ್ಸಲ ಕೈ ಹಾಕ್ಬ್ಯಾಡ್ರಿ."

"ನಾನು ಏನ್ ಮಾಡ್ಲಿ ಹಂಗಾದ್ರೆ?"

"ಅದನ್ನೂ ನನ್ನೇ ಕೇಳ್ತೀರಾ?"

ಅವಳು ಬಗ್ಗಿ ಗುಡಿಸತೊಡಗಿದಳು. ಅವನು ನಿಂತಿದ್ದ ಜಾಗ ಬಿಟ್ಟು ಸುತ್ತಲೂ ಗುಡಿಸಿಕೊಂಡು ಹೋದಳು.

ಅಮಲ್ದಾರರು ತೆಳ್ಳಗಿನ, ಕನ್ನಡಕದ, ಎಲ್ಲವನ್ನೂ ಎರಡು ಸಲ ಕೇಳುವ ಮನುಷ್ಯ. ಸೋಮವಾರ ಬೆಳಿಗ್ಗೆ ಚಾವಡಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕುಂತು, ಹೊನ್ನಕ್ಕನ ಅರ್ಜಿಯನ್ನು ಎರಡು ಸಲ ಓದಿಸಿದರು. ಮೇಲಿನ ಬೀದಿಯವರು ಚಾವಡಿಯ ಮೆಟ್ಟಿಲ ತನಕ ಒತ್ತರಿಸಿದ್ದರು. ಕೇರಿಯವರು ಎಂದಿನಂತೆ ದೂರದಲ್ಲಿ, ಬಸರಿ ಮರದ ಆಚೆ. ಹೊನ್ನಕ್ಕ ಅವರ ಮುಂದೆ ನಿಂತಿದ್ದಳು.

"ಇದೇನಾ ಆ ಪೆಟ್ಟಿಗೆ? ಇದನ್ನೇ 'ಹಾಲಿ ತೋಟಿ' ಅಂತ ಲೆಕ್ಕದಲ್ಲಿ ಬರೆದುಕೊಂಡಿದೀರಾ, ಪಟೇಲರೇ?" ಅಮಲ್ದಾರರ ತುಟಿಯಲ್ಲಿ ಸಣ್ಣ ನಗೆ ಇತ್ತು, ಕಣ್ಣಲ್ಲಿ ಇರಲಿಲ್ಲ. "ಸರಿ. ನನ್ನ ಜವಾನ ಕೇರಿಯ ಕಡೇ ಮನೆ ಹತ್ತಿರ ನಿಂತಿರುತ್ತಾನೆ. ಮಾತು ಸ್ಪಷ್ಟವಾಗಿ ಕೇಳಿಸಿದರೆ ಕೆಂಪು ವಸ್ತ್ರ ಎತ್ತುತ್ತಾನೆ. ಇಲ್ಲಿಂದ ಅವನು ಕಾಣುತ್ತಾನೆ. ಎತ್ತಿದರೆ ಹೊಲ ನಿಮ್ಮದು ಅಂತ ಇಲ್ಲೇ ಬರೆಯುತ್ತೇನೆ. ಇಲ್ಲದಿದ್ದರೆ ಆಕೆಯದು. ಹಾಕಯ್ಯ, ನೋಡೋಣ."

ಚಿತ್ತಪ್ಪ ಹಿತ್ತಾಳೆ ತುತ್ತೂರಿಯನ್ನು ಒಂದು ನೆಟ್ಟ ಕೋಲಿಗೆ ನೇತುಹಾಕಿ ಪೆಟ್ಟಿಗೆಗೆ ಜೋಡಿಸಿದ್ದ. ಕೀಲಿ ಕೊಟ್ಟ. ಮುಳ್ಳು ಇಳಿಸಿದ.

ಕೇಳ್ರಪ್ಪೋ ಕೇಳ್ರೀ.

ಚಾವಡಿಯಲ್ಲಿ ಗುಸುಗುಸು ನಿಂತಿತು. ಒಬ್ಬ ಮುದುಕ ಮೆಟ್ಟಿಲಿಂದ ಎರಡು ಹೆಜ್ಜೆ ಹಿಂದೆ ಸರಿದ. ಅಮಲ್ದಾರರ ಕೈಯ ಕಾಗದ ತೊಡೆಯ ಮೇಲೆ ಇಳಿಯಿತು. ಬಸರಿ ಮರದಾಚೆಯ ಜನ ಕತ್ತು ಮುಂದೆ ಚಾಚಿ, ಅಂಗೈ ಕಿವಿಗೆ ಹಚ್ಚಿ, ತಮ್ಮವನು ಏನು ಹೇಳುತ್ತಿದ್ದಾನೆ ಅಂತ ಕೇಳಲು ನೋಡಿದರು. ಅವರಿಗೆ ಕೇಳಿಸುತ್ತಿಲ್ಲ ಎಂದು ತಿಳಿಯಲು ಅವರ ಮುಖ ನೋಡಿದರೆ ಸಾಕಿತ್ತು. ಚಿತ್ತಪ್ಪ ಮುಳ್ಳೆತ್ತಿದ. ಕೇರಿಯ ತುದಿಯಲ್ಲಿ ಜವಾನ ಕೈ ಕೆಳಗಿಟ್ಟುಕೊಂಡೇ ನಿಂತಿದ್ದ.

"ಇದು ಬರೇ ಗಂಟ್ಲು ಸರಿ ಮಾಡ್ಕಂಡಿದ್ದು ಸ್ವಾಮಿ," ಎಂದರು ಪಟೇಲರು, ಸಲೀಸಾಗಿ. "ಈಗ ಕೇಳ್ರಿ. ಚಿತ್ತಪ್ಪ, ಸೀಸ ಇಡು."

ಉಂಡೆ ಚಿತ್ತಪ್ಪನ ಅಂಗೈಯಲ್ಲಿತ್ತು. ಅದಕ್ಕೆ ಕೂರಲು ತಗಡಿನ ಒಂದು ಸಣ್ಣ ಬಟ್ಟಲನ್ನೂ ಅವನೇ ಬೆಳಿಗ್ಗೆ ಮಾಡಿ ಮುಳ್ಳಿನ ತಲೆಗೆ ಕಟ್ಟಿದ್ದ. ಇಟ್ಟರೆ ಏನಾಗುತ್ತದೆ ಅಂತ ಅವನಷ್ಟು ಚೆನ್ನಾಗಿ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೊದಲು ಆರ್ಭಟ. ಒಂದೇ ಸಲ, ಇಡೀ ಊರಿಗೆ. ಅದರ ಒಳಗೇ ಎಲ್ಲೋ ಒಂದು ಟಪ್ ಎಂಬ ಸದ್ದು, ಅದು ಯಾರಿಗೂ ಕೇಳಿಸುವುದಿಲ್ಲ. ಆಮೇಲೆ ಮೇಣದ ಮೇಲೆ ಗೀರಿರುವುದಿಲ್ಲ, ಉಳುಮೆಯ ಸಾಲಿರುತ್ತದೆ. ಕೇರಿಯ ತುದಿಯಲ್ಲಿ ಕೆಂಪು ವಸ್ತ್ರ ಏಳುತ್ತದೆ. ಒಂದು ಬಾಗಿಲು ತೆರೆಯುತ್ತದೆ.

"ಇಡಪ್ಪ. ಸಾಹೇಬ್ರು ಕಾಯ್ತಾ ಅವ್ರೆ."

"ಇಡಲ್ಲ."

ದನಿ ಎಷ್ಟು ಸಣ್ಣಗೆ ಬಂತು ಅಂದರೆ ಅಮಲ್ದಾರರು ಎರಡನೇ ಸಲ ಕೇಳಬೇಕಾಯಿತು. "ಏನಂದೆಯಯ್ಯ?"

"ಇಡಲ್ಲ ಅಂದೆ ಸ್ವಾಮಿ. ಇದರ ತಾಕತ್ತು ನೀವು ಈಗ ಕೇಳಿದ್ರಲ್ಲ, ಅಷ್ಟೇ. ಅದಕ್ಕಿಂತ ಮೇಲೆ ಕೂಗ್ಸಿದ್ರೆ ಕೂಗ್ತೈತೆ, ಕೂಗಿ ಸಾಯ್ತೈತೆ. ಆ ಕೆಲಸ ನಾನು ಒಂದ್ಸಲ ಮಾಡೀನಿ. ಇದರ ಮೇಲಲ್ಲ, ಮನುಷ್ಯನ ಮೇಲೆ. ಹತ್ರ ಕರೆದಿದ್ರೆ ಸಾಕಾಗಿತ್ತು, ಹನ್ನೆರಡು ಹೆಜ್ಜೆ ದೂರ ನಿಲ್ಸಿ ಕೂಗ್ಸಿದ್ವಿ. ಬೆಳಿಗ್ಗಿಂದ ಸಂಜೆಗಂಟ. ನಂಗೆ ಗೊತ್ತಿತ್ತು. ಗೊತ್ತಿದ್ದೂ ಕೂಗ್ಸಿದೆ."

ಮುದ್ದಪ್ಪ ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಕೈಯಲ್ಲಿ ಮುದುರಿಕೊಂಡಿದ್ದ.

"ಲೇ ಚಿತ್ತ." ಪಟೇಲರ ದನಿ ಮೊದಲ ಸಲ ಏರಿತು. "ಯಾರ ಮುಂದೆ ಏನ್ ಮಾತಾಡ್ತಿದೀಯ ಗೊತ್ತೈತಾ? ನಾಳೆ ಪೇಟೆಯಾಗೆ ಎಲ್ಲಿ ಕುಂತ್ಕಂತೀಯ?"

"ಎಲ್ಲಾದ್ರೂ ಕುಂತ್ಕಂತೀನಿ."

ಪಟೇಲರು ಎದ್ದು ಬಂದು ಅವನ ಅಂಗೈಯಿಂದ ಸೀಸದ ಉಂಡೆಯನ್ನು ಕಿತ್ತುಕೊಂಡರು. ಪೆಟ್ಟಿಗೆಯ ಕಡೆ ಬಗ್ಗಿದರು. ಅಷ್ಟರಲ್ಲಿ ಚಿತ್ತಪ್ಪ ಮುಳ್ಳು, ಬಿಲ್ಲೆ, ತಗಡಿನ ಬಟ್ಟಲು ಎಲ್ಲದರ ಮೇಲೂ ಎರಡೂ ಕೈ ಬೋರಲು ಹಾಕಿ, ಹಕ್ಕಿಮರಿಯನ್ನು ಮುಚ್ಚಿದ ಹಾಗೆ ಮುಚ್ಚಿದ್ದ. ಒತ್ತಿರಲಿಲ್ಲ. ಬೆರಳುಗಳ ಕೆಳಗೆ ಕಾಗೆಬಂಗಾರ ಅವನ ನಾಡಿಗೆ ತಕ್ಕಂತೆ ಸಣ್ಣಗೆ ಅದುರುತ್ತಿತ್ತು.

"ಕೈ ತಗಿ," ಎಂದರು ಪಟೇಲರು.

"ತಗಿಯಲ್ಲ ಗೌಡ್ರೇ."

"ಕೈ ತಗಿಯೋ ಅಂದ್ರೆ!"

"ತಗಿಯಲ್ಲ."